ಟಾರ್ ಮುಟ್ಟದ ದಾರಿ

"ಬಾತಿಯಿಂದ ಹರಿಹರದ ಹೊಳೆತನಕ ಒಂದಿಂಚು ಟಾರ್ ಮುಟ್ಟದೆ ಸೈಕಲ್ ಹೊಡಿತೀನಿ" ಎಂದು ಗುಮಾಸ್ತ ಅಂಜನಕುಮಾರ ರಸ್ತೆ ಇಲಾಖೆ ಕಚೇರಿಯ ಕ್ಯಾಂಟೀನಿನಲ್ಲಿ ಅಂದುಬಿಟ್ಟ. ಅನ್ನಬಾರದಿತ್ತು, ಅಂದ.

"ಟಾರ್ ಸಿಕ್ರೆ?" ಪಕ್ಕದ ಮೇಜಿನ ದಿನೇಶ ಕೆಣಕಿದ.

"ಸೈಕಲ್ ಮಾರಿ ದಿನಾ ನಿನ್ನ ಸ್ಕೂಟರ್ ಹಿಂದ ಕೂತು ಆಫೀಸಿಗೆ ಬರ್ತೀನಿ!"

ದಿನೇಶನ ಹಿಂದೆ ಕೂರುವುದೆಂದರೆ ದಾರಿಯುದ್ದಕ್ಕೂ ಅವನ ಶುಗರಿನ ಪುರಾಣ ಕೇಳುವುದು. ಅದಕ್ಕಿಂತ ಜಾಲಿಮುಳ್ಳಿನ ಮೇಲೆ ಮಲಗಬಹುದು.

ಮುಂದಿನ ಮೂರು ತಿಂಗಳು ಅಂಜನಕುಮಾರನಿಗೆ ಕಚೇರಿಯಲ್ಲಿ ಎರಡೇ ಕೆಲಸ. ರಸ್ತೆ ಬೇಕೆಂದು ಬಂದ ಹಳ್ಳಿಯವರ ಅರ್ಜಿಗಳಿಗೆ ಎಂದಿನಂತೆ 'ಮಾರ್ಗದ ನಕ್ಷೆ ಲಗತ್ತಿಸಿಲ್ಲ' ಎಂದು ಷರಾ ಬರೆದು ಹಿಂದಕ್ಕಟ್ಟುವುದು. ಮೇಜು ಖಾಲಿಯಾದ ಮೇಲೆ ಮೊಬೈಲಿನಲ್ಲಿ ಕಾಲುವೆ ಏರಿ, ಬಂಡಿದಾರಿ, ಹೊಲದ ಬದು ಜೋಡಿಸಿ ತನ್ನ ನಕ್ಷೆ ಬರೆಯುವುದು. ಏರು, ಇಳಿಜಾರು, ತಿರುವು, ಒಂದೂ ಬಿಡಲಿಲ್ಲ. ಮುಗಿದ ದಿನ ಜಂಬದಿಂದ ಅದನ್ನು ಕಚೇರಿಯ ವಾಟ್ಸಾಪ್ ಗುಂಪಿಗೇ ಹಾಕಿದ. ಸಾಹೇಬರಾದ ರಾಮಚಂದ್ರಪ್ಪನವರೂ ಒಂದು ಹೆಬ್ಬೆಟ್ಟು ಒತ್ತಿದರು.

ಭಾನುವಾರ ಬೆಳಿಗ್ಗೆ ಅಂಜನಕುಮಾರ ಮುಂದೆ ಹೊರಟ. ಒಂದು ಗಂಟೆ ಬಿಟ್ಟು ದಿನೇಶ ಸ್ಕೂಟರಿನಲ್ಲಿ ಅದೇ ದಾರಿ ಹಿಡಿದು ಬರಬೇಕು, ಟಾರ್ ಹುಡುಕಬೇಕು. ಅವನೆಲ್ಲಾದರೂ ದಾರಿ ತಪ್ಪಿ ಹೆದ್ದಾರಿ ಸೇರಿದರೆ ಟಾರ್ ಸಿಕ್ಕಿತು ಅಂದುಬಿಡುತ್ತಾನೆ, ಪಂದ್ಯ ಹೋದಂತೆ. ಅದಕ್ಕೇ ಅಂಜನಕುಮಾರ ತಿರುವು ತಿರುವಿಗೂ ಸುಣ್ಣದ ಪುಡಿಯಲ್ಲಿ ಬಾಣ ಎಳೆಯುತ್ತ ಹೋದ.

ಕೆಂಚನಕಟ್ಟೆ ಎಂಬ ಹಟ್ಟಿಯಲ್ಲಿ ಬಾಗಿಲು ಗುಡಿಸುತ್ತಿದ್ದ ದುರುಗವ್ವಜ್ಜಿ ಬಾಣ ಕಂಡು ಕಿರುಚಿದಳು. "ಅಯ್ಯೋ ನನ್ನಪ್ಪಾ! ಕೊನಿಗೂ ರೋಡ್ ಬಂತೇನ್ರಿ?"

ನೆಲಕ್ಕೆ ಸುಣ್ಣದ ಗುರುತು ಹಾಕುವವರು ರಸ್ತೆಯವರೇ ಎಂದು ಊರಿಗೆಲ್ಲ ಗೊತ್ತು. ಜನ ಸೇರಿತು. ಪಾಲಯ್ಯ ಎಂಬವನು ಮಜ್ಜಿಗೆಯನ್ನೇ ತಂದುಕೊಟ್ಟ.

"ರೋಡಲ್ಲವ್ವಾ, ಸೈಕಲ್ ದಾರಿ. ಇದಕ್ಕ ಟಾರ್ ಬ್ಯಾಡ. ಮಣ್ಣೇ ಚೆಂದ."

"ಚೆಂದಾ?" ದುರುಗವ್ವ ಸೆರಗು ಸಿಕ್ಕಿಸಿದಳು. "ಮಳಿಗಾಲದಾಗ ಬಸುರಿ ಹೆಣ್ಮಗಳನ್ನ ಈ ಕೆಸರಾಗ ಹೊತ್ಕೊಂಡು ಹೋಗಿ ನೋಡು, ಆಮ್ಯಾಲೆ ಚೆಂದ ಅನ್ನು! ಟಾರಿಲ್ಲ ಅಂದ್ರೆ ನಿನ್ನ ಗುರುತೂ ಇಲ್ಲ!"

ಪೊರಕೆ ಬೀಸಿ ಬಾಣ ಅಳಿಸಿಯೇಬಿಟ್ಟಳು. ಅವನು ಇನ್ನೊಂದು ಎಳೆದ, ಅದನ್ನೂ ಗುಡಿಸಿದಳು. ಮೂರನೆಯದಕ್ಕೆ ಪಾಲಯ್ಯ ಅರ್ಧ ಕುಡಿದ ಮಜ್ಜಿಗೆ ಲೋಟ ಕಸಿದುಕೊಂಡ. ಅಷ್ಟರಲ್ಲಿ ದೂರದಲ್ಲಿ ಸ್ಕೂಟರಿನ ಸದ್ದು. ಅಂಜನಕುಮಾರ ಅಜ್ಜಿಗೆ ಕೈಜೋಡಿಸಿದ.

"ಆತವ್ವಾ, ಟಾರ್ ಬರ್ತೈತೆ! ಹಿಂದ ದೊಡ್ಡ ಸಾಹೇಬ್ರು ಸ್ಕೂಟರ್‌ನಾಗ ಬರ್ತಾರೆ, ಅರ್ಜಿ ಅವ್ರ ಕೈಗೆ ಕೊಡ್ರಿ. ಬಾಣ ಮಾತ್ರ ಮುಟ್ಟಬ್ಯಾಡ್ರಿ!"

ನಾಲ್ಕನೆಯ ಬಾಣ ಎಳೆದು, ತಿರುಗಿ ನೋಡದೆ ಪೆಡಲ್ ತುಳಿದ.

ಎರಡು ಪಂಕ್ಚರ್, ಒಂದು ನಾಯಿ, ಮೊಣಕಾಲಿಗೆ ಒಂದು ಗಾಯ. ಆದರೂ ಟಾರ್ ಮುಟ್ಟದೆ ಹರಿಹರದ ಹೊಳೆ ಕಂಡ. ಸೈಕಲ್ಲನ್ನು ತಲೆಯ ಮೇಲೆತ್ತಿ, "ಬಾರೋ ದಿನೇಶಾ, ಬಾ!" ಎಂದು ಅರಚಿದ. ಬಟ್ಟೆ ಒಗೆಯುತ್ತಿದ್ದವರು ಗಾಬರಿಯಾಗಿ ದೂರ ಸರಿದರು.

ಹನ್ನೊಂದಕ್ಕೆ ದಿನೇಶ ಬಂದ. ಅವನ ಹಿಂದೆ ದುರುಗವ್ವ ಅರ್ಜಿ ಹಿಡಿದು ಕೂತಿದ್ದಳು.

"ಸೋತೆ ಮಾರಾಯ" ಎಂದ ದಿನೇಶ. "ಒಂದಿಂಚು ಟಾರ್ ಸಿಗಲಿಲ್ಲ. ಊರವರು ಬಾಣಕ್ಕೊಬ್ರು ಕಾವಲು ನಿಂತಿದ್ರು."

ಅಂಜನಕುಮಾರ ಕುಣಿಯುವುದರಲ್ಲಿದ್ದ. ದುರುಗವ್ವ ಅವನಿಗೆ ಕೈಮುಗಿದಳು.

"ದೇವ್ರಂಗ ಬಂದ್ರಿ ಸಾಮಿ. ಮೂರು ವರ್ಷದಾಗ ನಾಕು ಅರ್ಜಿ ಕೊಟ್ಟೀವಿ. ನಕ್ಷೆ ಇಲ್ಲ ಅಂತ ಯಾವನೋ ಗುಮಾಸ್ತ ನಾಕೂ ವಾಪಸ್ ಕಳಿಸ್ಯಾನ. ಅವನ ಬಾಯಾಗ ಮಣ್ಣು ಬೀಳ!"

ಹಳೆಯ ಅರ್ಜಿಗಳನ್ನೂ ಮುಂದೆ ಚಾಚಿದಳು. ನಾಲ್ಕರ ಮೇಲೂ ಅಂಜನಕುಮಾರನದೇ ಅಕ್ಷರ.

"ಇನ್ನ ನಕ್ಷೆ ಚಿಂತಿ ಇಲ್ಲ" ಎಂದ ದಿನೇಶ ನಗು ತಡೆದು. "ನೀನು ಗುಂಪಿಗೆ ಹಾಕಿದ್ದನ್ನೇ ಅರ್ಜಿ ಫೋಟೋ ಜೊತೆ ಸಾಹೇಬ್ರಿಗೆ ಕಳಿಸೀನಿ."

ಅಂಜನಕುಮಾರನ ಮೊಬೈಲ್ ಟಣ್ ಎಂದಿತು. ರಾಮಚಂದ್ರಪ್ಪನವರು: 'ಇಂಥ ಅಚ್ಚುಕಟ್ಟಾದ ನಕ್ಷೆ ಹತ್ತು ವರ್ಷದಲ್ಲಿ ನೋಡಿಲ್ಲ. ಶಹಬ್ಬಾಸ್! ಪೂರ್ತಿ ದಾರಿಗೆ ಟಾರ್ ಹಾಕಿಸೋಣ. ನಾಳೆ ಹತ್ತಕ್ಕೆ ಕಡತ ಮಂಡಿಸಿ.'

ಅಂಜನಕುಮಾರ ಕೆಂಡವಾದ. "ಹಾಕ್ರಿ, ಎಷ್ಟು ಟಾರ್ ಹಾಕ್ತೀರೋ ಹಾಕ್ರಿ! ನಾನೇನು ಬಗ್ಗೋನಲ್ಲ. ಮುಂದಿನ ಭಾನುವಾರ ಹೊಸಾ ಮಣ್ಣುದಾರಿ ಹುಡುಕ್ತೀನಿ, ನೋಡ್ತಾ ಇರ್ರಿ!"

"ಹೌದೇನ್ರಿ?" ದುರುಗವ್ವನ ಮುಖ ಅರಳಿತು. "ಹಂಗಾರೆ ಕುಕ್ಕುವಾಡದ ಕಡೆ ಬರ್ರಿ. ನನ್ನ ತಂಗಿ ಮನಿ ದಾರಿಗೂ ಟಾರಿಲ್ಲ. ಸುಣ್ಣ ನಾನೇ ತರ್ತೀನಿ."