ನಮ್ಮ ಮನಿ ಮುಂದಿನ ಬೋರಿಂಗು

ಕೆಮಿಸ್ಟ್ರಿಗೂ ನನಗೂ ಯಾವ ಜನ್ಮದ ನಂಟೋ, ನಾನು ಸುಮ್ಮನಿದ್ದರೂ ಅದು ನನ್ನನ್ನು ಸುಮ್ಮನೆ ಬಿಡುವುದಿಲ್ಲ. ಕೊಟ್ಟೂರಿನ ಕಾಲೇಜೊಂದರ ಕೆಮಿಸ್ಟ್ರಿ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದವನು ನಾನು. ಬಾಟಲಿ ತೊಳೆಯುವ ಕೆಲಸ ಅನ್ನುವವರಿದ್ದಾರೆ. ಹೊಟ್ಟೆಕಿಚ್ಚು. ನಮ್ಮ ಹಳ್ಳಿಯಲ್ಲಿ ನನಗೆ ವಿಜ್ಞಾನಿ ಎಂದೇ ಹೆಸರು. ಆ ಹೆಸರು ಇಟ್ಟವನೂ ನಾನೇ.

೧. ಬ್ಯಾಳಿ

ತೊಂಬತ್ತರ ದಶಕದ ಶುರುವಿನಲ್ಲಿ ಆಫೀಸು ಆಫೀಸು ಅಲೆದು, ನಮ್ಮ ಬಾಗಿಲ ಮುಂದೆಯೇ ಸರ್ಕಾರದ ಕೈಪಂಪು ಹಾಕಿಸಿದೆ. ನಮ್ಮ ಕಡೆ ಅದಕ್ಕೆ ಬೋರಿಂಗು ಅನ್ನುತ್ತಾರೆ. ಅಲ್ಲಿಯವರೆಗೆ ದೂರದ ಬಾವಿಯಿಂದ ನೀರು ಹೊರುತ್ತಿದ್ದ ನನ್ನ ಹೆಂಡತಿ, ಮೊದಲ ಕೊಡ ತುಂಬಿದಾಗ ನನ್ನ ಕಡೆ ನೋಡಿದ ನೋಟಕ್ಕೆ ನಾನು ಒಂದು ಗೇಣು ಎತ್ತರವಾದೆ. ಆ ಗೇಣು ಮಧ್ಯಾಹ್ನದವರೆಗೆ ಉಳಿಯಿತು.

"ಏನ್ರಿ, ನಿಮ್ಮ ನೀರಾಗ ಬ್ಯಾಳಿ ಬೇಯವಲ್ದು."

"ಗಡಸು ನೀರು ಅದು. ಚಿಟಿಕಿ ಸೋಡಾ ಹಾಕು. ಕೆಮಿಸ್ಟ್ರಿ!"

ಬೆಂದಿತು. ಎಷ್ಟೋ ವರ್ಷಗಳ ಮೇಲೆ ಒಂದು ದಿನ, ಗೋಡೆ ಹಿಡಿದು ಏಳುತ್ತಾ ಆಕೆ ಕೇಳಿದಳು: "ನನ್ನ ಮೊಣಕಾಲಿಗೂ ಚಿಟಿಕಿ ಸೋಡಾ ಹಾಕ್ರಿ, ಮೆತ್ತಗಾದ್ರೂ ಆಗ್ತಾವೇನೋ."

೨. ಹಲ್ಲು

ಬೋರಿಂಗು ಬಂದಾಗ ಮಗಳಿಗೆ ಎರಡು ವರ್ಷ. ಹಾಲುಹಲ್ಲು ಬಿದ್ದು ಹೊಸವು ಬಂದವು, ಬರುವಾಗಲೇ ಕಂದು ಗೆರೆ ಹೊತ್ತುಕೊಂಡು. ಉಪ್ಪು, ಇದ್ದಿಲು, ನಿಂಬೆಹುಳಿ ಎಂದು ನನ್ನ ಪ್ರಯೋಗಗಳೆಲ್ಲ ಮುಗಿದವು. ಮಗಳು ಬಾಯಿಗೆ ಕೈ ಅಡ್ಡ ಹಿಡಿದು ನಗುವುದನ್ನು ಕಲಿತಳು.

ಹರಪನಹಳ್ಳಿ ಕಡೆಯವರು ಹೆಣ್ಣು ನೋಡಲು ಬಂದರು. "ನಗಬ್ಯಾಡವ್ವಾ" ಎಂದು ಮೊದಲೇ ಹೇಳಿಟ್ಟಿದ್ದೆ.

"ಯಾಕವ್ವಾ, ಬಾಯೇ ಬಿಡವಲ್ಲಿ? ಮಾತು ಬರ್ತಾವೋ ಇಲ್ಲೋ?" ಎಂದಳು ಹುಡುಗನ ತಾಯಿ.

"ಬರ್ತಾವ್ರಿ" ಅಂದಳು ಮಗಳು. ಹಲ್ಲು ಕಂಡವು. ಅಲ್ಲಿಯವರೆಗೆ ಬಾಯಿಗೆ ಕರವಸ್ತ್ರ ಹಿಡಿದು ಕೂತಿದ್ದ ಹುಡುಗ ಅದನ್ನು ತೆಗೆದು, ಕಂದು ಹಲ್ಲು ಅಷ್ಟೂ ಬಿಟ್ಟು ನಕ್ಕ.

"ನಿಮ್ಮ ಬಾಗಿಲಾಗೂ ಬೋರಿಂಗು ಐತೇನ್ರಿ?" ಅಂದ. ನಾನೇ ಹಾಕಿಸಿದ್ದು ಎಂದು ಹೆಮ್ಮೆಯಿಂದ ಹೇಳಿದೆ.

ಜಾತಕ ಯಾರೂ ಕೇಳಲಿಲ್ಲ.

೩. ಕೆಂಪು ಬಣ್ಣ

ಮದುವೆಯಾದ ಮರುವರ್ಷ ಜೀಪಿನಲ್ಲಿ ಬಂದ ಯಾರೋ ಬಾಟಲಿಯಲ್ಲಿ ನೀರು ಹಿಡಿದುಕೊಂಡು ಹೋದರು. ತಿಂಗಳೊಪ್ಪತ್ತಿನಲ್ಲಿ ಮತ್ತೆ ಬಂದು ಬೋರಿಂಗಿಗೆ ಕೆಂಪು ಬಣ್ಣ ಬಳಿದು, ಯಾಕೆಂದು ಹೇಳದೆ ಹೋದರಂತೆ. ನಾನು ಕಾಲೇಜಿನಲ್ಲಿದ್ದೆ. ಸಂಜೆ ಬಂದು ನೋಡಿದರೆ ಊರಿನ ಉಳಿದ ಎರಡಕ್ಕೆ ಬಣ್ಣವಿಲ್ಲ, ನನ್ನದಕ್ಕೆ ಮಾತ್ರ! ಫಸ್ಟ್ ಪ್ರೈಜು ಎಂದು ತಿಳಿಯಲು ವಿಜ್ಞಾನಿಗೆ ಎಷ್ಟು ಹೊತ್ತು? ಕಾಯಿ ಒಡೆಸಿ, ಓಣಿಗೆಲ್ಲ ಸಕ್ಕರೆ ಹಂಚಿದೆ. ಹೆಂಡತಿ ಗೋಡೆ ಹಿಡಿದುಕೊಂಡೇ ಬಂದು ಅರಿಷಿಣ ಕುಂಕುಮ ಹಚ್ಚಿದಳು.

ಮರುದಿನ ನಮ್ಮ ಕೆಮಿಸ್ಟ್ರಿ ಮೇಷ್ಟ್ರ ಮುಂದೆ ಕೊಚ್ಚಿಕೊಂಡೆ. ಅವರು ನಗಲಿಲ್ಲ.

"ಕೆಂಪು ಬಳಿದ್ರ ಕುಡೀಬ್ಯಾಡ್ರಿ ಅಂತ ಅರ್ಥನೋ ಮಾರಾಯ. ಫ್ಲೋರೈಡ್ ಅದು. ಹಲ್ಲು ಕೆಡಿಸ್ತತಿ, ಎಲುಬು ಬಗ್ಗಿಸ್ತತಿ. ಇಷ್ಟು ವರ್ಷ ಇಲ್ಲಿ ಬಾಟ್ಲಿ ತೊಳದಿ, ಒಂದು ಬಾಟ್ಲಿ ನಿಮ್ಮ ನೀರು ತಂದು ಕೊಡಬಾರದಾಗಿತ್ತೇನು?"

ಸಂಜೆ ಮನೆಮನೆಗೂ ಹೋಗಿ ಆ ನೀರು ಬೇಡ ಎಂದು ಹೇಳಿದೆ. ಪಕ್ಕದ ಮನೆಯಾಕೆ ಅಂದಳು: "ನಿನ್ನಿ ಕಾಯಿ ಒಡಿಸಿದ್ರಿ, ಇವತ್ತು ಬ್ಯಾಡ ಅಂತೀರಿ. ಅಷ್ಟರಾಗ ಬೋರಿಂಗು ನಿಮ್ಮ ಮಾತು ಮೀರಿತೇನ್ರಿ ಕಾಕಾ?"

೪. ನಮಸ್ಕಾರ

ಕೊನೆಗೆ ಹೇಳಬೇಕಾದವಳು ಮನೆಯಲ್ಲೇ ಇದ್ದಳು. ಅಷ್ಟೊತ್ತಿಗೆ ಹೆಂಡತಿಯ ಬೆನ್ನೂ ಬಾಗಿತ್ತು. ದಾವಣಗೆರೆಯ ಡಾಕ್ಟರು ಇನ್ನು ಇದು ನೆಟ್ಟಗಾಗುವುದಿಲ್ಲ ಅಂದಿದ್ದರು. ಎದುರು ನಿಂತರೆ ಆಕೆಗೆ ಕಾಣುವುದು ನನ್ನ ಪಾದ ಮಾತ್ರ. ಪಾದ ತೋರಿಸಿಕೊಂಡು ಹೇಳುವ ಮಾತೇ ಅದು? ಮುಖ ಕಾಣಲಿ ಎಂದು ಆಕೆಯ ಮುಂದೆ ನೆಲಕ್ಕೆ ಕೂತೆ.

"ನಿನ್ನ ಬೆನ್ನು ಬಗ್ಗಿಸಿದ್ದು ಆ ನೀರು. ಆ ಬೋರಿಂಗು ನಾನ ಹಾಕಿಸಿದ್ದು…" ಅಂದೆ. ತಪ್ಪಾಯಿತು ಅನ್ನುವ ಮಾತು ರೂಢಿ ಇಲ್ಲದ್ದಕ್ಕೆ ಬರಲಿಲ್ಲ, ಕಣ್ಣೀರು ಬಂತು.

ಆಕೆ ಸೆರಗಿನ ತುದಿಯಿಂದ ನನ್ನ ಕಣ್ಣು ಒರೆಸಿದಳು.

"ಏಳ್ರಿ ಮ್ಯಾಲ. ಮದುವ್ಯಾದಾಗಿಂದ ಬಗ್ಗಿ ನಮಸ್ಕಾರ ಮಾಡವಲ್ಲಿ ಅಂತ ಬೈತಿದ್ರಿ. ಈಗ ಹಗಲೆಲ್ಲ ಅದನ್ನ ಮಾಡಾಕತ್ತೀನಿ. ನೀವ ನೆಲಕ್ಕ ಕುಂತ್ರ ಆಶೀರ್ವಾದ ಮಾಡೋರು ಯಾರು?"