ಹೆರಿಗೆ ಕೋಣೆಯ ಪಕ್ಕದ ವಾಲೆಟ್ ಹಕ್ಕಿಗಳಿಗೆ ಒಂದು ಅರಿಕೆ

ಮಾನ್ಯರೇ,

ಗಾಳಿಯಲ್ಲೇ ಉಂಡು, ಹಾರುತ್ತಲೇ ನೀರು ಕುಡಿದು, ಸ್ವಂತ ಜೊಲ್ಲಿನಿಂದ ಮನೆ ಕಟ್ಟಿಕೊಳ್ಳುವ, ಆ ಮನೆಯನ್ನು ದೂರದೇಶದ ಸಿರಿವಂತರು ಸಾರು ಮಾಡಿ ಕುಡಿದರೂ ಮುನಿಸಿಕೊಳ್ಳದೆ ಮತ್ತೊಂದನ್ನು ಕಟ್ಟಲು ಕೂರುವ ತಮ್ಮ ದೊಡ್ಡ ಮನಸ್ಸಿಗೆ ಮುವಾರಾ ರಸಾವ್ ಊರಿನ ಸೂಲಗಿತ್ತಿ ರುಸ್ಮಿಯಾತಿ ಮಾಡುವ ಸಲಾಮುಗಳು. ತಾವೂ ತಮ್ಮ ಮರಿಗಳೂ ಕ್ಷೇಮವೆಂದು ನಂಬಿದ್ದೇನೆ. ಇತ್ತ ನಮ್ಮ ಮರಿಗಳ ಕ್ಷೇಮ ತಿಳಿಯುವುದೇ ಕಷ್ಟವಾಗಿರುವುದರಿಂದ ಈ ಪತ್ರ ಬರೆಯಬೇಕಾಯಿತು.

ನ್ಯಾಯವಾಗಿ ಇದನ್ನು ನನ್ನ ನೆರೆಯ ಹಾಜಿ ಜಹ್ರಾನಿಯವರಿಗೆ ಬರೆಯಬೇಕಿತ್ತು. ಬಟ್ಟೆಯಂಗಡಿಯ ಮೇಲೆ ಅಂತಸ್ತಿನ ಮೇಲೆ ಅಂತಸ್ತು ಏರಿಸಿ, ಒಂದೂ ಕಿಟಕಿಯಿಡದೆ ಗೋಡೆಯ ತುಂಬ ತೂತು ಕೊರೆಸಿ, ತಾವು ಬಂದು ಮಾರಾಟಕ್ಕೆ ಗೂಡು ಕಟ್ಟಿಕೊಡಲೆಂದು ಚಾವಣಿಯಲ್ಲಿ ಸ್ಪೀಕರುಗಳನ್ನು ಕೂರಿಸಿ, ಬೆಳಕು ಹರಿದಾಗಿನಿಂದ ಮುಸ್ಸಂಜೆಯವರೆಗೆ ಧ್ವನಿಮುದ್ರಿಸಿದ ಹಕ್ಕಿಕೂಗು ಹಾಕುವವರು ಅವರೇ. ಆ ಸ್ಪೀಕರಿನ ಬಾಯಿ ತಿರುಗಿರುವುದು ನನ್ನ ಹೆರಿಗೆ ಕೋಣೆಯ ತಗಡಿನ ಮಾಡಿನ ಕಡೆಗೆ. ಸದ್ದು ಕಡಿಮೆ ಮಾಡಿ ಎಂದು ಬೇಡಿಕೊಂಡಾಗ ಅವರು ಎದೆಯ ಮೇಲೆ ಕೈಯಿಟ್ಟು, ಬಹಳ ವಿನಯದಿಂದ, "ನನ್ನನ್ನ ಕೇಳಿದ್ರೆ ಏನು ಬಂತು ಬು ಬಿದಾನ್? ನಾನೇನು ನನ್ನ ಖುಷಿಗೆ ಹಾಕ್ತೀನಾ? ಎಲ್ಲ ಆ ಹಕ್ಕಿಗಳಿಗೋಸ್ಕರ. ಅವುಗಳನ್ನೇ ಕೇಳಿ," ಎಂದರು. ಬು ಬಿದಾನ್ ಎಂದರೆ ಸೂಲಗಿತ್ತಿಯಮ್ಮ. ಊರೆಲ್ಲ ನನ್ನನ್ನು ಕರೆಯುವುದು ಹಾಗೆಯೇ. ಹಿರಿಯರ ಮಾತು ಮೀರಬಾರದೆಂದು ತಮ್ಮನ್ನೇ ಕೇಳುತ್ತಿದ್ದೇನೆ. ಪತ್ರದ ಒಂದು ಪ್ರತಿಯನ್ನು ಮೀನು ಮಾರುಕಟ್ಟೆಯ ಹಲಗೆಗೂ ಅಂಟಿಸಿದ್ದೇನೆ, ತಮ್ಮಲ್ಲಿ ಯಾರಾದರೂ ಆ ಕಡೆ ಹಾರಿ ಹೋದರೆ ಓದಿಕೊಳ್ಳಲೆಂದು.

ನನ್ನ ಉದ್ಯೋಗದ ವಿಷಯ ತಮಗೆ ಗೊತ್ತಿರಲಾರದು. ಬಸುರಿಯ ಹೊಟ್ಟೆಯ ಮೇಲೆ ಮರದ ಕೊಳವೆಯಿಟ್ಟು, ಅದಕ್ಕೆ ಕಿವಿಯಾನಿಸಿ, ಒಳಗಿನ ಕೂಸಿನ ಎದೆಬಡಿತ ಕೇಳುವುದು ನನ್ನ ಕೆಲಸದ ಅರ್ಧಭಾಗ. ಸರ್ಕಾರ ಕೊಟ್ಟಿದ್ದ ಯಂತ್ರವೊಂದಿತ್ತು, ಅದು ನದಿಯ ತೇವಕ್ಕೆ ಕೈಕೊಟ್ಟಿತು. ಉಳಿದದ್ದು ಈ ಕೊಳವೆ, ಈ ಕಿವಿ ಮತ್ತು ತಮ್ಮ ಹೆಸರಿನಲ್ಲಿ ನಡೆಯುವ ಸಂಗೀತ. ತಮ್ಮ ದನಿಯನ್ನು ನಾನು ಹೀಗಳೆಯುತ್ತಿಲ್ಲ. ನಿಜವಾದ ತಾವು ಸಂಜೆ ನದಿಯ ಮೇಲೆ ಹಾರುವಾಗ ಮಾಡುವ ಸದ್ದು ಎಷ್ಟು ಮೆದುವೆಂದರೆ ಅದಕ್ಕೆ ಕಿವಿಗೊಟ್ಟು ನಿಲ್ಲಬೇಕು. ಸ್ಪೀಕರಿನ ಹಕ್ಕಿ ಮಾತ್ರ ಎಣ್ಣೆ ಕಾಣದ ರಾಟೆಯ ಹಾಗೆ ಕಿರುಗುಟ್ಟುತ್ತದೆ. ಕೊಳವೆಗೆ ಕಿವಿಯಿಟ್ಟರೆ ಊರಿನ ಪ್ರತಿಯೊಬ್ಬ ಬಸುರಿಯ ಹೊಟ್ಟೆಯಲ್ಲೂ ವಾಲೆಟ್ ಹಕ್ಕಿಯೇ ಕೂತಂತೆ ಕೇಳಿಸುತ್ತದೆ. ಹೀಗೆಂದು ನಾನು ಒಬ್ಬಳಿಗೆ ತಮಾಷೆ ಮಾಡಿದ್ದಕ್ಕೆ ಅವಳು, "ಆಗ್ಲಿ ಬಿಡಿ ಬು, ಹುಟ್ಟಿದ ಕೂಡ್ಲೇ ಹಾಜಿಯವರಿಗೇ ಕೊಟ್ಟುಬಿಡ್ತೀನಿ, ನಾಲ್ಕನೇ ಅಂತಸ್ತಲ್ಲಿ ಸಾಕ್ಲಿ," ಎಂದಳು.

ಹಾಜಿಯವರು ಕಟುಕರೇನಲ್ಲ, ದೈವಭಕ್ತರು. ನಮಾಜಿನ ಕರೆ ಎದ್ದ ತಕ್ಷಣ ಸ್ಪೀಕರ್ ಆರಿಸಿ, ಮಸೀದಿಗೆ ಹೋಗಿ, ಮರಳಿ ಬಂದು ಚಪ್ಪಲಿ ಬಿಟ್ಟ ಮೇಲೆಯೇ ಮತ್ತೆ ಹಾಕುತ್ತಾರೆ. ಮಧ್ಯಾಹ್ನದ ನಮಾಜು ಮನಸ್ಸಿನಲ್ಲೇ ಓದುವ ನಮಾಜು. ಆಗ ಊರೆಂಬ ಊರೇ ಗಪ್‌ಚಿಪ್. ಹಾಗಾಗಿ ನಮ್ಮೂರಿನ ಬಸುರಿಯರೆಲ್ಲ ಈಗ ನಮಾಜಿನ ಕರೆ ಕೇಳಿದೊಡನೆ ಹೊಟ್ಟೆ ಹಿಡಿದುಕೊಂಡು ನನ್ನ ಮನೆಗೆ ದೌಡಾಯಿಸುತ್ತಾರೆ, ನಾನು ಒಬ್ಬೊಬ್ಬರನ್ನೇ ಮಲಗಿಸಿ ಕೇಳಿ ಎಬ್ಬಿಸುತ್ತೇನೆ, ನನ್ನ ನಮಾಜು ಆಮೇಲೆ. ಇದನ್ನು ತಿಳಿದ ಇಮಾಮ್ ಶರ್ಕಾವಿಯವರು ನಮ್ಮ ಮೇಲಿನ ಕರುಣೆಯಿಂದ ಮಧ್ಯಾಹ್ನದ ನಮಾಜನ್ನು ತುಸು ತುಸುವೇ ಹಿಗ್ಗಿಸುತ್ತ ಬಂದರು. ಹಿಂದಿನ ಸಾಲಿನ ಮುದುಕರು, "ಮಂಡಿ ಮುರೀತಿದೆ ಇಮಾಮ್ರೇ, ಸಣ್ಣ ಅಧ್ಯಾಯ ಓದಬಾರ್ದಾ," ಎಂದು ಗೋಳಾಡಿದರೆ ಅವರು, "ಹೊಟ್ಟೆಯೊಳಗಿರೋದಕ್ಕೆ ಮಂಡಿ ಇನ್ನೂ ಮೂಡ್ತಾ ಇದೆ. ಮೊದಲು ಅದರ ಸರದಿ, ಆಮೇಲೆ ನಿಮ್ಮದು," ಎಂದರಂತೆ. ಅಂಥ ಪುಣ್ಯಾತ್ಮರಿಗೆ ಸ್ವರ್ಗದಲ್ಲಿ ಸದ್ದಿಲ್ಲದ ಜಾಗ ಸಿಗಲಿ.

ಮನೆ, ಶಾಲೆ, ಔಷಧಾಲಯಗಳ ಬಳಿ ಇಷ್ಟಕ್ಕಿಂತ ಹೆಚ್ಚು ಸದ್ದು ಮಾಡಬಾರದೆಂಬ ನಿಯಮ ಇಲ್ಲವೆಂದು ತಾವು ತಿಳಿಯಬಾರದು. ನಿಯಮವಿದೆ, ಅದನ್ನು ಅಳೆಯುವ ಯಂತ್ರವೂ ಇದೆ, ಯಂತ್ರವನ್ನು ಹೊತ್ತು ದೋಣಿಯಲ್ಲಿ ಬರುವ ಅಧಿಕಾರಿಯೂ ಇದ್ದಾರೆ. ಅವರು ಬಂದಿಳಿದದ್ದು ಮಧ್ಯಾಹ್ನದ ಕರೆಯ ಹೊತ್ತಿಗೆ. ಹಾಜಿಯವರು ಸ್ಪೀಕರ್ ಆರಿಸಿ, ಅತಿಥಿಯನ್ನು ಕೈಹಿಡಿದು ಮಸೀದಿಗೆ ಕರೆದೊಯ್ದು, ಅಲ್ಲಿಂದ ನೇರ ಸುಟ್ಟ ಮೀನಿನ ಊಟಕ್ಕೆ ಕೂರಿಸಿ, ಊಟವಾದ ಮೇಲೆ ಅಂಗಳದಲ್ಲಿ ನಿಲ್ಲಿಸಿ ಸದ್ದು ಅಳೆಯಲು ಬಿಟ್ಟುಕೊಟ್ಟರು. ಅತಿಥಿಯ ಊಟ ಜೀರ್ಣವಾಗುವವರೆಗೆ ಗಲಾಟೆ ಮಾಡುವುದು ನಮ್ಮಲ್ಲಿ ಅಮರ್ಯಾದೆ, ಆದ್ದರಿಂದ ಸ್ಪೀಕರ್ ಇನ್ನೂ ಸುಮ್ಮನಿತ್ತು. ಯಂತ್ರ ದಾಖಲಿಸಿದ್ದು ಹಾಜಿಯವರ ಕೋಳಿಯನ್ನು. "ಮೀಟರ್ ಸುಳ್ಳು ಹೇಳಲ್ಲ ಬು," ಎಂದು ಅಧಿಕಾರಿಗಳು ನನಗೆ ಬುದ್ಧಿ ಹೇಳಿ, ಕೋಳಿಯ ಸದ್ದು ಮಿತಿಯೊಳಗಿದೆ ಎಂದು ಬರೆದುಕೊಂಡು ದೋಣಿ ಹತ್ತಿದರು.

ನಗು ಇಲ್ಲಿಗೆ ಸಾಕು. ಹೆರಿಗೆ ನೋವು ನಮಾಜಿನ ಹೊತ್ತು ನೋಡಿ ಬರುವುದಿಲ್ಲ. ದೋಣಿ ನಡೆಸುವ ಇಬೆರಾನಿಯ ಹೆಂಡತಿ ಮಸ್ತೂರಾಳಿಗೆ ನೋವು ಬಂದದ್ದು ಮಧ್ಯಾಹ್ನದ ನಮಾಜು ಮುಗಿದು, ಹಾಜಿಯವರು ಚಪ್ಪಲಿ ಬಿಟ್ಟ ಮೇಲೆ. ನೋವಿನ ನಡುವೆ ಮತ್ತೆ ಮತ್ತೆ ಕೂಸಿನ ಎದೆಬಡಿತ ಕೇಳುತ್ತಿರಬೇಕು, ನಾನು ಕೊಳವೆಯಿಟ್ಟರೆ ಕೇಳಿದ್ದು ತಮ್ಮ ಬಳಗದ ಕಿರುಗುಟ್ಟುವಿಕೆ ಮಾತ್ರ. ಮಸ್ತೂರಾಳ ಅತ್ತೆ ಓಡಿಹೋಗಿ ಹಾಜಿಯವರ ಮುಂದೆ ಕೈಮುಗಿದಳು. "ಅಯ್ಯೋ ತಾಯಿ, ಗೂಡು ಕಟ್ಟೋ ಕಾಲ. ಈಗ ನಿಲ್ಸಿದ್ರೆ ಹಕ್ಕಿಗಳು ಬೇಜಾರು ಮಾಡ್ಕೊಂಡು ಪಕ್ಕದೂರಿಗೆ ಹೋಗ್ತಾವೆ. ಇನ್ನೊಂದು ಕರೆ ಆಗೋವರೆಗೆ ತಡ್ಕೊಳ್ಳಕ್ಕಾಗಲ್ವಾ?" ಎಂದರಂತೆ. ಆ ಹೊತ್ತಿಗೆ ಸರಿಯಾಗಿ, ದೇವರ ದಯೆಯಿಂದಲೋ ವಿದ್ಯುತ್ ಇಲಾಖೆಯ ದಯೆಯಿಂದಲೋ, ಊರಿನ ಕರೆಂಟ್ ಹೋಯಿತು. ಆ ನಿಶ್ಶಬ್ದದಲ್ಲಿ ನಾನು ಕೂಸಿನ ಎದೆಬಡಿತ ಕೇಳಿದೆ. ಅದು ನಿಂತು ನಿಂತು, ಬೇಡವೋ ಎಂಬಂತೆ ಬಡಿಯುತ್ತಿತ್ತು. ಇಬೆರಾನಿ ಹೆಂಡತಿಯನ್ನು ತನ್ನ ದೋಣಿಯಲ್ಲೇ ಮಲಗಿಸಿ ಜಿಲ್ಲಾಸ್ಪತ್ರೆಗೆ ಧಾವಿಸಿದ. ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಂಡಿದ್ದ ಹೆಣ್ಣುಮಗುವನ್ನು ಅಲ್ಲಿ ಹೊಟ್ಟೆ ಕೊಯ್ದು ತೆಗೆದರು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ನಾನು ಮಾತ್ರ ಅಂದು ಮನೆಗೆ ಬಂದು ಅನ್ನದ ತಟ್ಟೆಯ ಮುಂದೆ ಕೂತು ಅತ್ತುಬಿಟ್ಟೆ, ಯಾಕೆಂದರೆ ಕರೆಂಟ್ ಹೋಗದಿದ್ದರೆ ಎಲ್ಲ ಸರಿಯಿದೆಯೆಂದುಕೊಂಡು ಕಾಯುತ್ತಿದ್ದವಳು ನಾನೇ.

ಈ ಘಟನೆಯಿಂದ ಹಾಜಿಯವರೂ ಪಾಠ ಕಲಿತರು. ಕರೆಂಟ್ ಹೋದರೆ ಹಕ್ಕಿಗಳಾದ ತಮಗೆಷ್ಟು ಬೇಸರವಾಗುತ್ತದೋ ಎಂದು ಹೆದರಿ ಮರುವಾರವೇ ಜನರೇಟರ್ ತರಿಸಿದರು. ಈಗ ಕರೆಂಟ್ ಹೋದರೆ ಹಕ್ಕಿಕೂಗಿನ ಜೊತೆಗೆ ಜನರೇಟರಿನ ಗುಡುಗೂ ನಮ್ಮ ಪಾಲಿಗೆ.

ಆದ್ದರಿಂದ ಮಹನೀಯರೇ, ನನ್ನ ಕೋರಿಕೆಗಳನ್ನು ದಯವಿಟ್ಟು ಆಲಿಸಬೇಕು. ತಮ್ಮಲ್ಲಿ ಬಹುಪಾಲು ಜನ ದೋಣಿ ನಿಲ್ಲುವ ಧಕ್ಕೆಯ ಹಳೆಯ ರಬ್ಬರ್ ಗೋದಾಮಿನಲ್ಲಿ, ಯಾರೂ ಕರೆಯದೆ, ಯಾವ ಸ್ಪೀಕರೂ ಇಲ್ಲದೆ, ತಲೆಮಾರುಗಳಿಂದ ಸುಖವಾಗಿರುವುದನ್ನು ಹಾಜಿಯವರಿಗೆ ತಾವೇ ಬಾಯಿಬಿಟ್ಟು ಹೇಳಬೇಕು. ನಾವು ಹೇಳಿದರೆ ಹೊಟ್ಟೆಕಿಚ್ಚು ಎನ್ನುತ್ತಾರೆ. ತಮಗೆ ಕಿವಿ ಚುರುಕಾಗಿದೆ, ಊರಾಚೆಯ ಗದ್ದೆಯಲ್ಲಿ ಕಟ್ಟಡ ಕಟ್ಟಿ ಮೆಲ್ಲಗೆ ಕರೆದರೂ ಬರುತ್ತೇವೆ ಎಂದು ಒಂದು ಮಾತು ಕೊಡಬೇಕು. ಅದೂ ಆಗದಿದ್ದರೆ, ಕಗ್ಗತ್ತಲಲ್ಲಿ ನಾಲಿಗೆಯಲ್ಲಿ ಟಕಟಕ ಎನಿಸಿ ಗೋಡೆ ಎಲ್ಲಿದೆಯೆಂದು ಅದರ ಮಾರ್ದನಿಯಿಂದಲೇ ತಿಳಿಯುವ ತಮ್ಮ ಪೈಕಿ ಒಬ್ಬರನ್ನು ನನ್ನ ಕೋಣೆಗೆ ಸಹಾಯಕರಾಗಿ ಕಳಿಸಿ, ಈ ಗದ್ದಲದ ನಡುವೆ ಕೂಸಿನ ಎದೆಬಡಿತ ಕೇಳಿ ಹೇಳುವಂತೆ ಮಾಡಬೇಕು. ಸಂಬಳ ಕೊಡುವ ಶಕ್ತಿ ನನಗಿಲ್ಲ, ಆದರೆ ಸೊಳ್ಳೆ ಧಾರಾಳ.

ಇಮಾಮರಿಗೂ ವಯಸ್ಸಾಯಿತು, ನಮಾಜನ್ನು ಇನ್ನೆಷ್ಟು ಎಳೆಯಬಲ್ಲರು?

ತಮ್ಮ ವಿಶ್ವಾಸಿ,
ರುಸ್ಮಿಯಾತಿ
ಸೂಲಗಿತ್ತಿ, ಮುವಾರಾ ರಸಾವ್

ತಾ.ಕ.: ಹಾಜಿಯವರ ಮಗಳು ಚೊಚ್ಚಲ ಬಸುರಿ, ಹೆರಿಗೆಗೆ ತವರಿಗೆ ಬಂದಿದ್ದಾಳೆ. ಪದ್ಧತಿಯಂತೆ ನನ್ನ ಕೈಯಲ್ಲೇ ಆಗಬೇಕಿತ್ತು, ಆಕೆ ಹುಟ್ಟುವಾಗ ಅವಳಮ್ಮನನ್ನು ಹೆರಿಸಿದವಳೂ ನಾನೇ. ಆದರೆ ನಿನ್ನೆ ಹಾಜಿಯವರ ಹೆಂಡತಿ ಬಂದು, ಸಂಕೋಚದಿಂದ ನನ್ನ ಕೈಹಿಡಿದು, "ತಪ್ಪು ತಿಳೀಬೇಡಿ ಬು, ಪಟ್ಟಣದ ಆಸ್ಪತ್ರೇಲಿ ಕೋಣೆ ಹಿಡಿದಿದೀವಿ. ಅವರಪ್ಪನೇ ಹಟ ಹಿಡಿದ್ರು, ಇಲ್ಲಿ ಗಲಾಟೆ ಜಾಸ್ತಿಯಂತೆ," ಎಂದರು. ನನಗೆ ಸಂತೋಷವೇ ಆಯಿತು. ಆ ಮಗು ಚೆನ್ನಾಗಿ ಬರಲಿ. ಪಟ್ಟಣದಲ್ಲಿ ಕೋಣೆ ಹಿಡಿಯಲಾಗದ ಬಸುರಿಯರು ಈ ವಾರ ನನ್ನಲ್ಲಿ ಏಳು ಮಂದಿ ಇದ್ದಾರೆ, ಹಾಜಿಯವರ ಅಭಿಪ್ರಾಯವನ್ನು ಅವರಿಗೂ ತಿಳಿಸಿದ್ದೇನೆ.