ತಲೆಗೆ ತಕ್ಕ ಶಿರಸ್ತ್ರಾಣ

ಎಲ್ಲದಕ್ಕೂ ಕಾರಣ ಟಪಾಲು ಗುಮಾಸ್ತನ ತಲೆ. ತಲೆಯೊಳಗೆ ಇರುವುದರ ಬಗ್ಗೆ ಆಫೀಸಿನಲ್ಲಿ ಯಾರೂ ತಕರಾರು ತೆಗೆದವರಲ್ಲ, ತಕರಾರು ಬಂದದ್ದು ಅದರ ಸುತ್ತಳತೆಯಿಂದ. ಬಾಡಿಗೆ ವೇಷದ ಅಂಗಡಿಯಿಂದ ತರಿಸಿದ್ದ ಶಿರಸ್ತ್ರಾಣವನ್ನು ಬೆಳಿಗ್ಗೆ ಅವನ ತಲೆಗಿಟ್ಟು ನೋಡಿದರೆ, ಕುಂಬಳಕಾಯಿಯ ಮೇಲೆ ಟೀ ಲೋಟ ಬೋರಲು ಹಾಕಿದ ಹಾಗೆ ಕೂತಿತು. ಮೇಕಪ್ಪಿನವನು ಎರಡೂ ಕೈ ಊರಿ ಒತ್ತಿದ. ಶಿರಸ್ತ್ರಾಣ ಎರಡು ಹೋಳಾಯಿತು, ತಲೆಗೆ ಏನೂ ಆಗಲಿಲ್ಲ.

ಅದೇ ದಿನ ಸಂಜೆ ಆಫೀಸಿನ ವಾರ್ಷಿಕೋತ್ಸವದ ನಾಟಕ. ನಾಟಕ ಬರೆದವರು, ಆಡಿಸುವವರು, ಅದರಲ್ಲಿ ಚಕ್ರವರ್ತಿಯಾಗಿ ಮೆರೆಯುವವರು, ಮೂರೂ ಮ್ಯಾನೇಜರೇ. ಅವರು ಹೋಳುಗಳನ್ನು ನೋಡಿದರು, ಗುಮಾಸ್ತನ ತಲೆಯನ್ನು ನೋಡಿದರು, ನಿಟ್ಟುಸಿರು ಬಿಟ್ಟರು.

"ನೋಡ್ರಿ, ಸಂಜೆ ಐದಕ್ಕೆ ನಿಮ್ಮ ತಲೆಗೆ ಆಗೋ ಒಂದು ಶಿರಸ್ತ್ರಾಣ ತಂದ್ರೆ ಪಾತ್ರ ನಿಮ್ದು. ಇಲ್ಲಾಂದ್ರೆ ಸ್ಟೋರ್ ಕೀಪರ್ ಇದ್ದಾರಲ್ಲ, ಅವರು ಮಾಡ್ತಾರೆ."

ಸ್ಟೋರ್ ಕೀಪರ್ ಆಗಲೇ ಸಿದ್ಧನಿದ್ದ. ಯಾರಿಗೆ ಯಾವಾಗ ಏನಾಗುತ್ತದೋ ಎಂದು ಮುಂಜಾಗ್ರತೆಯಿಂದ ತಗಡಿನಲ್ಲಿ ಒಂದು ಶಿರಸ್ತ್ರಾಣ ಮಾಡಿಸಿ, ಬೆಳ್ಳಿ ಬಣ್ಣ ಬಳಿಸಿ, ಕಪಾಟಿನಲ್ಲಿಟ್ಟುಕೊಂಡಿದ್ದನಂತೆ. ಅಂಥ ಮನುಷ್ಯ ಅವನು. ಗುಮಾಸ್ತನ ಭುಜ ತಟ್ಟಿ, ಬೇಜಾರು ಮಾಡ್ಕೋಬೇಡಿ ಎಂದು ಬೇರೆ ಹೇಳಿದ.

ಬೇಜಾರಾಗದೆ ಇರುತ್ತದೆಯೇ? ಗುಮಾಸ್ತನ ರಂಗಜೀವನ ಶುರುವಾದದ್ದು ಪರದೆಯ ಹಗ್ಗ ಎಳೆಯುವುದರಿಂದ. ಆಮೇಲೆ ಬಡ್ತಿ ಸಿಕ್ಕಿ ಮರವಾದ. ಹೋದ ವರ್ಷ ಕುದುರೆಯ ಹಿಂಗಾಲು. ಪ್ರತಿ ವರ್ಷವೂ ಅವನ ಅತ್ತೆ ಬಸ್ಸು ಹತ್ತಿ ಬಂದು, ಮೊದಲ ಸಾಲಿನಲ್ಲಿ ಕೂತು, ನಾಟಕ ಮುಗಿಯುವ ತನಕ ಮಗಳನ್ನು ತಿವಿಯುತ್ತಾ ಅಳಿಯಂದಿರು ಎಲ್ಲಿ, ಅಳಿಯಂದಿರು ಎಲ್ಲಿ ಎಂದು ಕೇಳುವುದೇ ಆಗಿತ್ತು. ಈ ಸಲ ಹಾಗಲ್ಲ. ಈ ಸಲ ಅವನು ಸೋತ ಸೇನಾಪತಿ. ಮುಖ ಮುಚ್ಚುವ ಶಿರಸ್ತ್ರಾಣ ತೊಟ್ಟು ಬರಬೇಕು, ಅದನ್ನು ನಿಧಾನವಾಗಿ ತೆಗೆದು ಚಕ್ರವರ್ತಿಯ ಪಾದದ ಬಳಿ ಇಡಬೇಕು, ದೀಪವೆಲ್ಲ ಮುಖದ ಮೇಲೆ ಬೀಳುವಾಗ "ಸೋತೆ ಪ್ರಭು, ಶರಣು" ಎನ್ನಬೇಕು. ಒಂದೇ ಮಾತು, ಆದರೆ ಮುಖ ಪೂರ್ತಿ ಕಾಣುತ್ತದೆ. ಆ ಒಂದು ಕ್ಷಣಕ್ಕಾಗಿ ಅವನು ಕನ್ನಡಿಯ ಮುಂದೆ ತಿಂಗಳಿಡೀ ಸೋತಿದ್ದ.

ಮನೆಗೆ ಓಡಿಬಂದು ಹೆಂಡತಿಗೆ ಹೇಳಿದ. ಅವಳು ಅಡುಗೆಮನೆಯ ಪಾತ್ರೆಗಳನ್ನೆಲ್ಲ ಒಂದೊಂದಾಗಿ ಅವನ ತಲೆಯ ಮೇಲೆ ಬೋರಲಿಟ್ಟು ನೋಡಿ ಕೈಚೆಲ್ಲಿದಳು.

"ನಿಮ್ಮ ತಲೆಗಾಗೋದು ಒಂದೇ ಪಾತ್ರೆ ಇರೋದು ಕಣ್ರೀ. ಅದರಲ್ಲಿ ಅಮ್ಮನ ಸ್ನಾನಕ್ಕೆ ನೀರು ಕಾಯ್ತಿದೆ."

ಈ ಮಾತು ಗೋಡೆಯಾಚೆಗೆ ಕೇಳಿಸಿತು. ಆ ವಠಾರದಲ್ಲಿ ಒಬ್ಬರು ಸೀನಿದರೆ ಮೂರು ಮನೆಯವರು ಮಾತ್ರೆ ತಂದುಕೊಡುತ್ತಿದ್ದರು. ಎರಡು ನಿಮಿಷದೊಳಗೆ ಎದುರು ಮನೆಯ ದರ್ಜಿ, ಮೇಲಿನ ಮನೆಯ ನಲ್ಲಿ ರಿಪೇರಿಯವನು, ಪಕ್ಕದ ಮನೆಯ ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಮೂವರೂ ಹಜಾರದಲ್ಲಿ ಹಾಜರಾದರು.

ದರ್ಜಿಯ ಪ್ರಕಾರ ರಟ್ಟಿಗಿಂತ ಒಳ್ಳೆಯದಿಲ್ಲ. ಫ್ಯಾನ್ ಬಂದಿದ್ದ ಪೆಟ್ಟಿಗೆ ತರಿಸಿ, ಟೇಪು ಹಿಡಿದು ತಲೆಯ ಅಳತೆ ತೆಗೆದು, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಕತ್ತರಿಸಿ ಹೊಲಿದೇಬಿಟ್ಟ. ಕೆಲಸ ಅಚ್ಚುಕಟ್ಟು. ಆದರೆ ಬೆಳೆಯುವ ಮಕ್ಕಳ ಅಂಗಿ ಹೊಲಿದು ಹೊಲಿದು, ಎಲ್ಲದಕ್ಕೂ ಒಂದಿಷ್ಟು ಸಡಿಲ ಬಿಡುವುದು ಅವನ ಕೈಗೆ ಹತ್ತಿದ ಚಟ. ಗುಮಾಸ್ತ ಅದನ್ನು ಹಾಕಿಕೊಂಡ ಕೂಡಲೇ ಅದು ಸೀದಾ ಇಳಿದು ಭುಜದ ಮೇಲೆ ಕೂತಿತು. ಒಳಗೆ ಕತ್ತಲೆ. ಹೆಂಡತಿ ಹೊರಗಿನಿಂದ ತಟ್ಟಿ, ಇದ್ದೀರಾ ಎಂದು ಕೇಳಿದಳು.

ಇಷ್ಟೊಂದು ಸಡಿಲ ಯಾಕೆ ಎಂದು ನಲ್ಲಿಯವನು ಆಡಿಕೊಂಡು ನಕ್ಕ. ಪ್ಲಾಸ್ಟಿಕ್ಕೇ ಸರಿ ಎಂಬುದು ಅವನ ಮತ. ಬಕೆಟ್ಟಿನ ತಳ ಕುಯ್ದು ಒಲೆಯ ಮೇಲೆ ಹದವಾಗಿ ಬಿಸಿ ಮಾಡಿದರೆ ಹೇಳಿದ ಹಾಗೆ ಬಗ್ಗುತ್ತದೆ, ಪೈಪನ್ನು ತಾನು ದಿನಾ ಬಗ್ಗಿಸುವುದು ಹಾಗೆಯೇ ಎಂದ. ಪೈಪು ಬಗ್ಗುತ್ತಿತ್ತೋ ಏನೋ, ಬಕೆಟ್ಟು ಮಾತ್ರ ಮೊದಲು ಮೆತ್ತಗಾಯಿತು, ಆಮೇಲೆ ಒಲೆಯ ಮೇಲೆ ಮಲಗಿಬಿಟ್ಟಿತು. ಹೊಗೆಗೆ ಅತ್ತೆ ಕೆಮ್ಮುತ್ತಾ ಹೊರಗೆ ಬಂದು, ಅಳಿಯಂದಿರು ಏನು ಅಡುಗೆ ಮಾಡುತ್ತಿದ್ದಾರೆ ಎಂದು ವಿಚಾರಿಸಿ, ಹೊಗೆ ತಾಳಲಾರದೆ ಎದುರು ಮನೆಗೆ ಹೋಗಿ ಕೂತರು.

ಆಗ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ಅವರು ಇಷ್ಟು ಹೊತ್ತು ಸುಮ್ಮನಿದ್ದದ್ದೇ ಹೆಚ್ಚು.

"ಕಾಗದ, ಹಿಟ್ಟಿನ ಅಂಟು. ಇವೆರಡಿದ್ರೆ ಆನೆ ಬೇಕಾದ್ರೂ ಮಾಡ್ಬಹುದು ಕಣಪ್ಪ. ಅಚ್ಚಿನ ಮೇಲೆ ಪದರ ಪದರವಾಗಿ ಅಂಟಿಸೋದು, ಒಣಗಿದ ಮೇಲೆ ಹಿಂದುಗಡೆ ಬ್ಲೇಡಿನಲ್ಲಿ ಸೀಳಿ ಬಿಡಿಸ್ಕೊಳ್ಳೋದು, ಸೀಳಿದ್ದನ್ನ ಮತ್ತೆ ಅಂಟಿಸೋದು. ಆದ್ರೆ ಅಚ್ಚು ಬೇಕು. ನಿನ್ನ ತಲೆಯಷ್ಟೇ ಇರೋ ಅಚ್ಚು."

ನಾಲ್ವರೂ ಮನೆಯೆಲ್ಲ ಕಣ್ಣಾಡಿಸಿದರು. ಆಮೇಲೆ ಮೆಲ್ಲಗೆ ನಾಲ್ವರ ಕಣ್ಣೂ ಒಂದೇ ಕಡೆ ನಿಂತವು. ತನ್ನನ್ನು ಯಾಕೆ ಹಾಗೆ ನೋಡುತ್ತಿದ್ದಾರೆಂದು ಗುಮಾಸ್ತನಿಗೆ ಅರ್ಥವಾಗುವಷ್ಟರಲ್ಲಿ ಹೆಂಡತಿ ಅಂಟು ಕಾಯಿಸಲು ಒಳಗೆ ಹೋಗಿದ್ದಳು.

ಅವನನ್ನು ಸ್ಟೂಲಿನ ಮೇಲೆ ಕೂರಿಸಿ, ತಲೆಗೂ ಕೆನ್ನೆಗೂ ಪ್ಲಾಸ್ಟಿಕ್ ಹಾಳೆ ಸುತ್ತಿ, ಕಣ್ಣಿಗೆ ಎರಡು ಸೀಳು, ಬಾಯಿಗೊಂದು ಸೀಳು, ಮೂಗಿಗೆ ತೂತು ಬಿಟ್ಟು, ಹಳೆಯ ಪೇಪರಿನ ಪಟ್ಟಿಗಳನ್ನು ಅಂಟಿಸತೊಡಗಿದರು. ಅಂಟು ಬೆಚ್ಚಗಿತ್ತು. ಅವನಿಗೆ ಹಾಯಾಗಿ ನಿದ್ದೆಯೇ ಬಂದಂತಾಯಿತು. ಪದರ ಮುಗಿದ ಮೇಲೆ ಮೇಷ್ಟ್ರು, ಇದು ಒಣಗುವ ತನಕ ಯಾರೂ ಮುಟ್ಟಕೂಡದು ಎಂದು ಕಟ್ಟಪ್ಪಣೆ ಮಾಡಿ, ಊಟ ಮುಗಿಸಿ ಒಂದು ಜೋಂಪು ತೆಗೆದು ಬರುತ್ತೇನೆಂದು ಹೋದರು. ಹೆಂಡತಿ ಕೂದಲು ಒಣಗಿಸುವ ಯಂತ್ರ ಹಿಡಿದು ನಿಂತಳು.

ಕೆಟ್ಟದ್ದು ಇಲ್ಲೇ. ಮೇಷ್ಟ್ರು ಹೋದದ್ದೇ ತಡ, ಉಳಿದಿಬ್ಬರ ಕೈ ಕೆರೆಯಿತು. ಸಡಿಲ ಅನ್ನಿಸಿಕೊಂಡ ಅವಮಾನ ದರ್ಜಿಯ ಮನಸ್ಸಿನಲ್ಲಿ ಹಾಗೇ ಇತ್ತು. ಅವನು ದಪ್ಪ ಕ್ಯಾನ್ವಾಸ್ ಪಟ್ಟಿಯೊಂದನ್ನು ಗದ್ದದ ಕೆಳಗೆ ಬಿಗಿದು, ಎರಡೂ ಕಡೆ ಹೊಲಿದ. ಈ ಸಲ ಕೂದಲೆಳೆಯಷ್ಟೂ ಸಡಿಲ ಬಿಡಲಿಲ್ಲ. ನಲ್ಲಿಯವನು ಕಾಗದವನ್ನು ಬೆರಳಿಂದ ಕುಟ್ಟಿ ನೋಡಿ, ಇಷ್ಟು ಮೆತ್ತಗಿನದು ಸ್ಟೇಜಿನ ತನಕ ಬರುತ್ತದೆಯೇ ಎಂದು ಮರುಗಿದ. ಪೈಪಿನ ಸಂದಿಗೆ ಮೆತ್ತುವ, ಒಣಗಿದರೆ ಕಲ್ಲಾಗುವ ಅಂಟನ್ನು ತನ್ನ ಚೀಲದಿಂದ ತೆಗೆದು ಮೇಲಿಂದ ಕೆಳಗಿನವರೆಗೆ ಸವರಿದ. ಅದರ ಮೇಲೆ ಗೇಟಿಗೆ ಹೊಡೆದು ಉಳಿದಿದ್ದ ಬೆಳ್ಳಿ ಬಣ್ಣ. ಕೊನೆಗೆ ಎರಡು ಹೆಜ್ಜೆ ಹಿಂದೆ ನಿಂತು ನೋಡಿ ಸಮಾಧಾನದಿಂದ ಹೇಳಿದ:

"ಇನ್ನು ಒಂದು ಹನಿ ನೀರೂ ಒಳಗೆ ಹೋಗಲ್ಲ ಸ್ವಾಮಿ. ಗ್ಯಾರಂಟಿ."

ಮೇಷ್ಟ್ರು ಎದ್ದು ಬಂದು ಬ್ಲೇಡು ಹಾಕಿದರು. ಬ್ಲೇಡು ಮುರಿಯಿತು. ಇನ್ನೊಂದು ಹಾಕಿದರು, ಅದೂ ಮುರಿಯಿತು. ಅವರು ಬ್ಲೇಡಿನ ತುಂಡನ್ನು ನೋಡುತ್ತಾ, ಇದನ್ನು ಮುಟ್ಟಿದವರು ಯಾರು ಎಂದು ಶಾಲೆಯಲ್ಲಿ ಕೇಳುತ್ತಿದ್ದ ದನಿಯಲ್ಲೇ ಕೇಳಿದರು. ದರ್ಜಿ ನಲ್ಲಿಯವನನ್ನು ನೋಡಿದ, ನಲ್ಲಿಯವನು ಸೂರು ನೋಡಿದ. ಶಿರಸ್ತ್ರಾಣದ ಒಳಗಿನಿಂದ ಏನೋ ಒಂದು ಸದ್ದು ಬಂತು. ಅಳುವೋ ಬೈಗುಳವೋ ಯಾರಿಗೂ ತಿಳಿಯಲಿಲ್ಲ. ಗಡಿಯಾರದಲ್ಲಿ ಆಗಲೇ ನಾಲ್ಕೂವರೆ.

"ಅಲ್ಲಿ ಹೋಗೋ ಹೊತ್ತಿಗೆ ಬಿಸಿಲಿಗೆ ಬಿರುಕು ಬಿಟ್ಟು ತಾನೇ ಬಿಡ್ತದೆ, ನಡೀರಿ," ಎಂದಳು ಹೆಂಡತಿ. ಗಂಡನ ಪಾತ್ರ ಕೈತಪ್ಪುವುದು ಅವಳಿಗೂ ಬೇಡವಾಗಿತ್ತು. ಅತ್ತೆಯನ್ನು ಎದುರು ಮನೆಯಿಂದಲೇ ಮುಂದಾಗಿ ಆಟೋದಲ್ಲಿ ಕಳಿಸಿದರು. ಗುಮಾಸ್ತ ದಾರಿಯುದ್ದಕ್ಕೂ ತಲೆಯನ್ನು ಬಿಸಿಲಿಗೆ ಒಡ್ಡಿಕೊಂಡು ನಡೆದ. ಬಿರುಕು ಬಿಡುವುದಿರಲಿ, ಇನ್ನಷ್ಟು ಗಟ್ಟಿಯಾಯಿತು.

ಮ್ಯಾನೇಜರು ಅವನನ್ನು ಕಂಡು ಬೆರಗಾದರು. ಇದು ಬಾಡಿಗೆಯದಕ್ಕಿಂತ ನೂರು ಪಾಲು ಮೇಲು, ಸ್ಟೋರ್ ಕೀಪರನದಕ್ಕಿಂತಲೂ ಒಂದು ಕೈ ಮೇಲು ಎಂದರು. ತೆಗೆಯಲು ಬರುತ್ತಿಲ್ಲ ಎಂದು ಗುಮಾಸ್ತ ಒಳಗಿನಿಂದ ವಿವರವಾಗಿ ಹೇಳಿದ. ಹೊರಗೆ ಕೇಳಿಸಿದ್ದು ಬರೀ ಗುಂಯ್‌ ಎಂಬ ಸದ್ದು. ಪಾತ್ರದೊಳಗೆ ಮುಳುಗಿಹೋಗಿದ್ದಾರೆ, ಮಾತಾಡಿಸಬೇಡಿ ಎಂದು ಮ್ಯಾನೇಜರು ಎಲ್ಲರಿಗೂ ಸನ್ನೆ ಮಾಡಿದರು. ಸ್ಟೋರ್ ಕೀಪರ್ ಮಾತ್ರ ಆಸೆ ಬಿಡದೆ, ತನ್ನ ತಗಡಿನ ಶಿರಸ್ತ್ರಾಣವನ್ನು ತೊಟ್ಟುಕೊಂಡೇ ಪರದೆಯ ಮರೆಯಲ್ಲಿ ಕಾಯುತ್ತಾ ನಿಂತ.

ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಎಂದು ಗುಮಾಸ್ತ ರಂಗಕ್ಕೆ ಇಳಿದ. ಸೀಳಿನಿಂದ ಮೊದಲ ಸಾಲಿನಲ್ಲಿ ಅತ್ತೆ ಕಂಡರು, ಅವರ ಪಕ್ಕದಲ್ಲಿ ಮುಖ್ಯ ಅತಿಥಿ, ಯುದ್ಧಗಳನ್ನು ಕಂಡಿದ್ದ ಗಿರಿಜಾಮೀಸೆಯ ನಿವೃತ್ತ ಸೇನಾಧಿಕಾರಿ. ಚಕ್ರವರ್ತಿ ಗುಡುಗಿದರು.

"ಸೋತ ಸೇನಾಪತಿಯೇ, ನಿನ್ನ ಶಿರಸ್ತ್ರಾಣವನ್ನು ನಮ್ಮ ಪಾದದಲ್ಲಿಡು."

ಗುಮಾಸ್ತ ಎರಡೂ ಕೈಯಿಂದ ಎಳೆದ. ಬರಲಿಲ್ಲ. ತಿರುಚಿದ. ಬರಲಿಲ್ಲ. ಆಗುವುದಿಲ್ಲ ಸ್ವಾಮಿ ಎಂಬಂತೆ ದೊಡ್ಡದಾಗಿ ತಲೆಯಾಡಿಸಿದ. ಚಕ್ರವರ್ತಿ ಮತ್ತೆ ಆಜ್ಞೆ ಮಾಡಿದರು, ಅವನು ಮತ್ತೆ ತಲೆಯಾಡಿಸಿದ. ಸಿಟ್ಟಿಗೆದ್ದ ಮ್ಯಾನೇಜರು ಸಿಂಹಾಸನ ಬಿಟ್ಟಿಳಿದು, ಶಿರಸ್ತ್ರಾಣವನ್ನು ತಬ್ಬಿ ಹಿಡಿದು, ಕಾಲು ಕೊಟ್ಟು ಜಗ್ಗಿದರು. ಅವರದೇ ಕಿರೀಟ ಕಳಚಿ ಉರುಳುತ್ತಾ ಹೋಗಿ ಸೇನಾಪತಿಯ ಪಾದದ ಬಳಿ ಬಿತ್ತು.

ಸಭೆಯೆಲ್ಲ ಕತ್ತು ಚಾಚಿ ಕಿರೀಟ ನೋಡಿತು. ಆಮೇಲೆ ಮುಖ್ಯ ಅತಿಥಿ ಎದ್ದು ನಿಂತರು. ಅವರ ಕಣ್ಣಲ್ಲಿ ನೀರು. ಅವರು ರಂಗದ ಕಡೆಗೆ ಸೆಲ್ಯೂಟ್ ಹೊಡೆದರು. ಚಪ್ಪಾಳೆಗೆ ಸಭಾಂಗಣದ ಕಿಟಕಿಗಳು ನಡುಗಿದವು. ಮ್ಯಾನೇಜರು ಬಗ್ಗಿ ಕಿರೀಟ ಎತ್ತಿಕೊಳ್ಳುತ್ತಾ, ತಾವು ಬರೆದದ್ದೇ ಹೀಗೆ ಎಂಬ ಮುಖ ಮಾಡಿದರು.

ಪರದೆ ಬಿದ್ದದ್ದೇ ಹೆಂಡತಿ, ನಲ್ಲಿಯವನು, ಮೇಷ್ಟ್ರು, ದರ್ಜಿ ಸೇರಿ ಗುಮಾಸ್ತನನ್ನು ಹಿಂದಿನ ಬಚ್ಚಲಿಗೆ ಎಳೆದುಕೊಂಡು ಹೋದರು. ದರ್ಜಿ ಪಟ್ಟಿ ಬಿಚ್ಚಿದ. ನಲ್ಲಿಯವನು ಕಬ್ಬಿಣ ಕುಯ್ಯುವ ಗರಗಸ ಹಿಡಿದು ಕಿವಿ ಬಿಟ್ಟು ಬೇರೆಲ್ಲ ಕಡೆ ಕುಯ್ದ. ಶಿರಸ್ತ್ರಾಣ ಚೂರು ಚೂರಾಗಿ ಬಕೆಟ್ಟಿಗೆ ಬಿತ್ತು. ಗುಮಾಸ್ತ ಉಸಿರೆಳೆದುಕೊಂಡ. ಅಷ್ಟರಲ್ಲಿ ಮೈಕಿನಲ್ಲಿ ಮುಖ್ಯ ಅತಿಥಿಗಳ ದನಿ ಕೇಳಿಸಿತು.

"ಸೈನಿಕನಾದವನು ತಲೆ ಕೊಟ್ಟಾನು, ಶಿರಸ್ತ್ರಾಣ ಕೊಡಲಾರ. ಅದನ್ನ ಇವತ್ತು ಒಬ್ಬ ನಟ ನಮಗೆ ತೋರಿಸಿಕೊಟ್ಟ. ಆ ಸೇನಾಪತಿ ಎಲ್ಲಿದ್ದಾನೆ, ಕರೀರಿ."

ಗುಮಾಸ್ತ ಎದ್ದೂ ಬಿದ್ದೂ ಓಡಿದ. ಕೂದಲಲ್ಲಿ ಹಿಟ್ಟು, ಕೆನ್ನೆಯಲ್ಲಿ ಹಳೆಯ ಪೇಪರಿನ ಜಾಹೀರಾತು. ರಂಗದ ಅಂಚಿಗೆ ಬಂದು ನೋಡುತ್ತಾನೆ: ಪರದೆಯ ಮರೆಯಲ್ಲಿ ಬೆಳ್ಳಿಯ ಶಿರಸ್ತ್ರಾಣ ತೊಟ್ಟು ನಿಂತಿದ್ದವನನ್ನು ಮುಖ್ಯ ಅತಿಥಿ ತಾವೇ ಕೈಹಿಡಿದು ಎಳೆದುಕೊಂಡು ಬಂದು, ಹಾರ ಹಾಕಿ, ಅಪ್ಪಿಕೊಂಡಾಗಿತ್ತು. ಸ್ಟೋರ್ ಕೀಪರ್ ನಿಧಾನವಾಗಿ, ಬಲು ಗಂಭೀರವಾಗಿ, ತನ್ನ ಶಿರಸ್ತ್ರಾಣವನ್ನು ತೆಗೆದ. ದೀಪವೆಲ್ಲ ಅವನ ಮುಖದ ಮೇಲೆ ಬಿತ್ತು.

"ಸಾರ್, ಅದು ನಾನು," ಎಂದ ಗುಮಾಸ್ತ ಮ್ಯಾನೇಜರ ತೋಳು ಹಿಡಿದು.

"ಗೊತ್ತು ಕಣಯ್ಯ," ಎಂದು ಮ್ಯಾನೇಜರು ಪಿಸುಗುಟ್ಟಿದರು, "ಈಗ ಹೇಳಿದ್ರೆ ಅಷ್ಟು ದೊಡ್ಡವರಿಗೆ ಮುಖಭಂಗ ಆಗಲ್ವಾ? ನಿನ್ನ ಹತ್ರ ಶಿರಸ್ತ್ರಾಣ ಆದ್ರೂ ಇದೆಯಾ ತೋರಿಸೋಕೆ?" ಗುಮಾಸ್ತನಿಗೆ ಬಚ್ಚಲ ಬಕೆಟ್ಟು ನೆನಪಾಯಿತು. "ಸುಮ್ನೆ ನಿಂತಿದ್ದೀಯಲ್ಲ, ಪರದೆ ಎಳಿ. ಹಗ್ಗದವನು ಆಗಲೇ ಮನೆಗೆ ಹೋದ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಗುಮಾಸ್ತ ರಂಗದ ಅಂಚಿಗೆ ಹೋಗಿ ನಿಂತು, ಎಲ್ಲರೂ ನೋಡುತ್ತಿದ್ದಂತೆ ಹಗ್ಗ ಎಳೆದ. ಅಷ್ಟು ವರ್ಷದ ಅಭ್ಯಾಸ, ಪರದೆ ಎಲ್ಲೂ ಸಿಕ್ಕಿಕೊಳ್ಳದೆ ಸರಾಗವಾಗಿ ಮುಚ್ಚಿಕೊಂಡಿತು.

ಮನೆಗೆ ಹೋಗುವಾಗ ಆಟೋದಲ್ಲಿ ಹೆಂಡತಿ ತಾಯಿಗೆ ನಡೆದದ್ದನ್ನೆಲ್ಲ ಮೊದಲಿಂದ ಕೊನೆವರೆಗೆ ಬಿಡಿಸಿ ಹೇಳಿದಳು. ಆ ಸೇನಾಪತಿ ಇವರೇ ಕಣಮ್ಮ ಎಂದು ಆಣೆ ಮಾಡಿದಳು. ಅತ್ತೆ ಮಗಳ ಕೈಯನ್ನು ಮೃದುವಾಗಿ ಸವರಿದರು.

"ಹೆಂಡತಿಯಾದವಳು ಹಾಗೇ ಹೇಳ್ಬೇಕು ಕಣೇ, ತಪ್ಪಲ್ಲ. ಹೋದ ವರ್ಷ ಕುದುರೆಯ ಹಿಂಗಾಲು ಇವರೇ ಅಂತಾನೂ ನೀನು ಹೇಳಿದ್ದೆ." ಆಮೇಲೆ ಅಳಿಯನ ಕಡೆ ತಿರುಗಿ, ಅವನ ಕೆನ್ನೆಗಂಟಿದ್ದ ಪೇಪರಿನ ಚೂರನ್ನು ತಾವೇ ಬಿಡಿಸಿ ತೆಗೆದರು. "ಬೇಜಾರು ಮಾಡ್ಕೋಬೇಡಿ ಅಳಿಯಂದ್ರೇ. ಈ ವರ್ಷ ನಿಮ್ಮ ಮುಖ ಚೆನ್ನಾಗಿ ಕಾಣಿಸ್ತು. ಹಗ್ಗ ಎಳೀವಾಗ."